ಜಲಪಾತದ ಗಾಳಿ, ಮಗ್ಗದ ಕೋಣೆ

ನವನಗರ, ಬಾಗಲಕೋಟೆ
೧೨ ಆಗಸ್ಟ್ ೨೦೨೪

ಪ್ರೀತಿಯ ಸುನಂದಾ,

ಫೋನಿನಲ್ಲಿ ಎರಡು ಮಾತಾಡುವಷ್ಟರಲ್ಲಿ ನಿನಗೆ ಕೆಮ್ಮು ಬರುತ್ತದೆ. ಕಾಗದವೇ ಬರೆಯೋಣ ಎಂದು ನೀನು ಹೇಳಿದಾಗ ನಕ್ಕಿದ್ದೆ. ಈಗ ನೋಡು, ನಿನಗೆ ಬರೆಯಬೇಕೆಂದು ನಿನ್ನೆಯಿಂದ ಕೈ ಕಡಿಯುತ್ತಿದೆ. ಹಳೆ ಬಾಗಲಕೋಟೆಯ ಸಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಚೀಟಿ ದಾಟಿಸುತ್ತಿದ್ದೆವಲ್ಲ, ಈ ಚೀಟಿ ಸ್ವಲ್ಪ ಉದ್ದ.

ನಿನ್ನೆ ಒಂಬತ್ತನೇ ಇಯತ್ತೆಯ ನಲವತ್ತು ಹುಡುಗಿಯರನ್ನು ಬಾದಾಮಿಗೆ ಕರೆದುಕೊಂಡು ಹೋಗಿದ್ದೆ. ನನ್ನ ಹಳೆಯ ವಿದ್ಯಾರ್ಥಿ ಅಫ್ಸರ ಧಾರವಾಡದಲ್ಲಿ ಗಾಳಿಯ ಮೇಲೆ ಸಂಶೋಧನೆ ಮಾಡುತ್ತಾನೆ. ಅವನೂ ಬಂದಿದ್ದ, ಜೊತೆಗೆ ಟಿಫಿನ್ ಡಬ್ಬಿಯಷ್ಟು ದೊಡ್ಡದೊಂದು ಮೀಟರು ತಂದಿದ್ದ. ಗಾಳಿಯಲ್ಲಿ ಎಷ್ಟು ಋಣ ಅಯಾನುಗಳಿವೆ ಎಂದು ಅದು ಎಣಿಸುತ್ತದೆ. ಹೆದರಬೇಡ, ಪಾಠ ಮಾಡುವುದಿಲ್ಲ. ಗಾಳಿಯ ಕಣಕ್ಕೆ ಒಂದು ಚೂರು ವಿದ್ಯುತ್ತು ಹತ್ತಿಕೊಂಡರೆ ಅದು ಅಯಾನು, ಅಷ್ಟೇ.

ಬಸ್ಸಿನೊಳಗೆ ಎಣಿಸಿದೆವು: ಒಂದು ಸಕ್ಕರೆ ಅಚ್ಚಿನಷ್ಟು ಜಾಗದಲ್ಲಿ ತೊಂಬತ್ತು. ಅಗಸ್ತ್ಯ ತೀರ್ಥದ ದಂಡೆಯ ಮೇಲೆ ಆರುನೂರು. ಮೊನ್ನೆಯಿಂದ ಮಳೆ ಹಿಡಿದಿತ್ತಲ್ಲ, ಕೆಂಪು ಬಂಡೆಯ ನೆತ್ತಿಯಿಂದ ಅಕ್ಕ-ತಂಗಿ ಜಲಪಾತದ ಎರಡೂ ಧಾರೆ ಧುಮುಕುತ್ತಿದ್ದವು. ಅವುಗಳ ಬುಡಕ್ಕೆ ಹೋಗಿ ಅಫ್ಸರ ಮೀಟರು ಎತ್ತಿ ಹಿಡಿದ. ಅಂಕಿ ಏರಿತು, ಏರಿತು, ಮೂವತ್ತೊಂದು ಸಾವಿರಕ್ಕೆ ನಿಂತಿತು. ನೀರು ಕಲ್ಲಿಗೆ ಬಡಿದು ಒಡೆಯುವಾಗ ಹುಟ್ಟುವವು ಅವು, ಸುನಂದಾ. ಚಾಲುಕ್ಯರು ಉಳಿ ಹಿಡಿದು ಬರುವುದಕ್ಕೆ ಮೊದಲಿನಿಂದ, ಕಣ್ಣಿಗೆ ಕಾಣದಂತೆ, ಪ್ರತಿ ಮಳೆಗಾಲವೂ ಹುಟ್ಟುತ್ತಿವೆ. ನಲವತ್ತು ಹುಡುಗಿಯರು ತಾವಾಗಿ ಸುಮ್ಮನಾದರು. ನಲವತ್ತು ಹುಡುಗಿಯರನ್ನು ಸುಮ್ಮನಾಗಿಸುವುದು ಎಂಥ ಕೆಲಸವೆಂದು ನನಗೆ ಗೊತ್ತು. ಮೂವತ್ತು ವರ್ಷ ಅಯಾನು ಎಂದು ಬೋರ್ಡಿನ ಮೇಲೆ ಬರೆದವಳಿಗೆ ನಿನ್ನೆ ಮೊದಲ ಸಲ ಅದರ ಅರ್ಥ ಆಯಿತು. ಕಣ್ಣಲ್ಲಿ ನೀರು ಬಂತು, ತುಂತುರು ಎಂದು ಒರೆಸಿಕೊಂಡೆ.

ಅಲ್ಲಿ ನಿಂತಾಗ ಎದೆಯೊಳಗೆ ಯಾರೋ ಬಾಗಿಲು ತೆಗೆದಂತಾಯಿತು. ಈ ಗಾಳಿಯಿಂದ ಉಸಿರು ಹಗುರಾಗುತ್ತದೆ, ನಿದ್ದೆ ಹತ್ತುತ್ತದೆ ಎಂದು ಎಷ್ಟೋ ದೇಶಗಳಲ್ಲಿ ಹೇಳುತ್ತಾರಂತೆ. ನೀನೊಮ್ಮೆ ಅಲ್ಲಿ ನಿಲ್ಲಬೇಕು. ನಿನ್ನ ಯಜಮಾನರಿಗೆ, ಮಹಾಂತಪ್ಪ ಅಣ್ಣಾರಿಗೆ, ನನ್ನ ಸಲಾಮು ಹೇಳು.

ನಿನ್ನ
ನಾಹಿದಾ

*

ಇಳಕಲ್ಲ
೨೧ ಆಗಸ್ಟ್ ೨೦೨೪

ಪ್ರೀತಿಯ ನಾಹಿದಾಗೆ ಸುನಂದಾಳ ಶರಣು.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೊದಲ ಸಲ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತೇ ಓದಿದೆ. ನಮ್ಮವರು ‘ಲಾಳಿ ಯಾಕ ನಿಂತೈತಿ?’ ಎಂದು ಹೊರಗಿನಿಂದ ಕೂಗಿದರು. ‘ಬಾದಾಮ್ಯಾಗ ನೀರು ಬೀಳಾಕ್ಹತ್ತೈತಿ, ನೋಡಾಕ್ಹತ್ತೇನಿ’ ಎಂದೆ. ತಲೆ ಕೆಟ್ಟಿದೆ ಎಂದುಕೊಂಡಿರಬೇಕು.

ಬಾದಾಮಿಗೆ ನಾನೆಲ್ಲಿ ಬರಲಿ? ನಮ್ಮ ಮನೆಯ ನಾಲ್ಕು ಮೆಟ್ಟಿಲು ಏರಿದರೆ ಕಟ್ಟೆ ಹಿಡಿದು ನಿಲ್ಲುತ್ತೇನೆ. ಆದರೆ ಬಾದಾಮಿಯೇ ನನ್ನ ಮನೆಗೆ ಬಂದಿದೆ, ಕೇಳು. ನಮ್ಮ ನಾದಿನಿಯ ಮಗ ಸಂತೋಷಕುಮಾರ ಹುನಗುಂದದಲ್ಲಿ ಅಯಾನ್ ಮೆಷಿನ್ ಮಾರುವ ಕೆಲಸ ಹಿಡಿದಿದ್ದಾನೆ. ಎರಡು ತಿಂಗಳಿಂದ ತಗೋ ಎಂದು ಗಂಟು ಬಿದ್ದಿದ್ದ, ನಾನು ಸೊಪ್ಪು ಹಾಕಿರಲಿಲ್ಲ. ಮೊನ್ನೆ ಬಂದಾಗ ನಿನ್ನ ಕಾಗದ ತೋರಿಸಿದೆ. ಓದಿ ಕುಣಿದೇಬಿಟ್ಟ. ‘ಅತ್ತಿ, ಹೈಸ್ಕೂಲ್ ಸಾಯನ್ಸ್ ಅಕ್ಕೋರ ಬರದಾರ ಅಂದ ಮ್ಯಾಲೆ ಇನ್ನೇನು ಬೇಕ? ಜಲಪಾತದಾಗ ಇರೂದೂ ಅದ, ಇದರಾಗ ಇರೂದೂ ಅದ!’ ಎಂದ.

ಅಂಗೈಯಷ್ಟು ಬಿಳಿ ಡಬ್ಬಿ, ಮೂತಿಯಲ್ಲಿ ಕರಿ ಕೂದಲಿನ ಸಣ್ಣದೊಂದು ಕುಂಚ. ಶಬ್ದವೇ ಇಲ್ಲ. ಬಾಗಿಲು ಕಿಟಕಿ ಮುಚ್ಚಿರಬೇಕು, ಇಲ್ಲದಿದ್ದರೆ ಅಯಾನು ಹೊರಗೆ ಹೋಗುತ್ತವೆ ಎಂದ. ನಮಗೇನು, ಒಣ ಗಾಳಿ ಬಡಿದರೆ ಎಳೆ ಹರಿಯುತ್ತದೆ ಎಂದು ಮೊದಲೇ ಕಿಟಕಿ ಮುಚ್ಚಿ ನೇಯುವವರು. ತೆರೆದಿದ್ದ ಒಂದು ಸಂದಿಗೂ ಅರಿವೆ ತುರುಕಿದೆ.

ಮೊದಲ ದಿನವೇ ನಿದ್ದೆ ಬಂತು ನಾಹಿದಾ. ಎಷ್ಟು ತಿಂಗಳಾದ ಮೇಲೆ! ನೀನು ಅಲ್ಲಿ ನಿಂತೆ, ಇಲ್ಲಿ ನನಗೆ ಹಗುರಾಯಿತು. ಇದಕ್ಕೆ ಏನನ್ನಬೇಕು ನೀನೇ ಹೇಳು.

ನಿನ್ನ
ಸುನಂದಾ

*

ನವನಗರ
೩೦ ಆಗಸ್ಟ್ ೨೦೨೪

ಪ್ರೀತಿಯ ಸುನಂದಾ,

ನಿದ್ದೆ ಬಂತು ಎಂದು ಬರೆದಿದ್ದೀ, ಅದನ್ನು ಓದಿ ನನಗೂ ನಿದ್ದೆ ಬಂತು. ಕಿರುಪರೀಕ್ಷೆಯ ಪೇಪರು ತಿದ್ದುವುದು ಬೆಟ್ಟದಷ್ಟಿದೆ, ಹೆಚ್ಚು ಬರೆಯುವುದಿಲ್ಲ. ಮೆಷಿನ್ನಿನ ವಿಷಯ ಅಫ್ಸರನನ್ನು ಕೇಳಬೇಕು, ಕೇಳುತ್ತೇನೆ. ದವಾಖಾನಿಯವರು ಹೇಳಿದ್ದನ್ನೂ ನಡೆಸಿದ್ದೀ ತಾನೇ? ಅಮೀನಗಡದ ಕರದಂಟು ಕಳಿಸಿದ್ದೇನೆ, ಬಸ್ಸಿನಲ್ಲಿ ನಮ್ಮ ಸಾಲೆಯ ದುರಗಪ್ಪನ ಕೈಯಲ್ಲಿ. ಅವನೇ ಅರ್ಧ ತಿಂದರೆ ನನಗೆ ಬರಿ.

ನಾಹಿದಾ

*

ಇಳಕಲ್ಲ
೪ ಅಕ್ಟೋಬರ್ ೨೦೨೪

ಪ್ರೀತಿಯ ನಾಹಿದಾಗೆ ಶರಣು.

ಕರದಂಟು ಪೂರ್ತಿ ಮುಟ್ಟಿತು, ದುರಗಪ್ಪ ಪ್ರಾಮಾಣಿಕ. ಉತ್ತರ ತಡವಾಯಿತು. ಅಕ್ಷರ ಅಲುಗಾಡಿದ್ದರೆ ಬೈಬೇಡ.

ನಮ್ಮ ಓಣಿಯಲ್ಲಿ ಈಗ ನಾನೇ ಡಾಕ್ಟರು! ಮೊದಲು ಎದುರುಮನೆಯ ಸೋಮವ್ವ ಬಂದಳು. ಎಪ್ಪತ್ತು ದಾಟಿದರೂ ನನಗೆ ಲಾಳಿಗೆ ಹಾಕುವ ನೂಲಿನ ಕಂಡಕಿ ಸುತ್ತಿಕೊಡುವುದು ಅವಳೇ. ಅವಳ ಹಿಂದೆ ಒಬ್ಬೊಬ್ಬರಾಗಿ ಆರು ಮಂದಿ, ಒಟ್ಟು ಏಳು. ಎಲ್ಲರೂ ನೂಲು, ಮಗ್ಗ ಎಂದು ಜೀವ ತೇಯ್ದವರೇ. ಮಧ್ಯಾಹ್ನ ರೊಟ್ಟಿ ಉಂಡು ಬರುತ್ತಾರೆ, ಚಪ್ಪಲಿ ಹೊರಗೆ ಬಿಟ್ಟು, ಸೆರಗು ಹೊದ್ದು, ಮೆಷಿನ್ನಿನ ಮುಂದೆ ಸಾಲಾಗಿ ಕೂಡುತ್ತಾರೆ. ಪಿಸುಮಾತೂ ಇಲ್ಲ. ಮೊನ್ನೆ ಅಮಾವಾಸ್ಯೆಗೆ ಮಗ್ಗದ ಪೂಜೆ ಮಾಡುವಾಗ ಸೋಮವ್ವ ಅದಕ್ಕೂ ವಿಭೂತಿ ಹಚ್ಚಿ ಚೆಂಡುಹೂ ಇಟ್ಟಳು. ‘ಉಸಿರು ಕೊಡೂದು ದೇವರಲ್ಲದ ಮತ್ತೇನವಾ?’ ಎಂದಳು. ನಗು ಬಂತು, ಆಮೇಲೆ ನಾನೂ ಕೈ ಮುಗಿದೆ.

ಮೂರು ಸೋಜಿಗ ನೋಡಿದೆ. ಒಂದು, ಸೀರೆಯ ಪಲ್ಲದ ರೇಶಿಮೆ ಎಳೆ ಒಂದಕ್ಕೊಂದು ಅಂಟಿ ಕಾಡುತ್ತಿತ್ತಲ್ಲ, ಈಗ ಅಂಟುವುದಿಲ್ಲ. ಎರಡನೆಯದು, ಕೋಣೆಯ ತುಂಬ ಸಿಡಿಲು ಹೊಡೆದ ಮೇಲೆ ಬರುವಂಥ ವಾಸನೆ. ಜಲಪಾತದಲ್ಲಿ ಹೀಗೇ ಇರುತ್ತದೇನು? ಮೂರನೆಯದು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಮೆಷಿನ್ನಿನ ಹಿಂದಿನ ಸುಣ್ಣದ ಗೋಡೆ ದಿನದಿಂದ ದಿನಕ್ಕೆ ಕಪ್ಪಾಗುತ್ತಿದೆ! ಒಂದು ತಟ್ಟೆಯಷ್ಟಿತ್ತು, ಈಗ ಮೊರದಷ್ಟಿದೆ. ನನ್ನ ಎದೆಯಲ್ಲಿದ್ದದ್ದು ಗೋಡೆಗೆ ಇಳಿಯುತ್ತಿದೆ. ನಮ್ಮವರು ಸುಣ್ಣ ಹೊಡೆಯುತ್ತೇನೆ ಎಂದರು, ಮುಟ್ಟಗೊಡಲಿಲ್ಲ.

ಈಗ ಮಲಗುವುದು ಕಡಿಮೆ. ಗೋಡೆಗೆ ಒರಗಿ ಕೂತೇ ಕಣ್ಣು ಮುಚ್ಚುತ್ತೇನೆ. ಕೂತರೆ ಮೂಗು ಮೆಷಿನ್ನಿಗೆ ಹತ್ತಿರವಾಗುತ್ತದೆ, ಅದಕ್ಕೆ.

ನಿನ್ನ
ಸುನಂದಾ

*

ನವನಗರ
೯ ಅಕ್ಟೋಬರ್ ೨೦೨೪

ಸುನಂದಾ,

ನಿನ್ನ ಕಾಗದ ಈಗ ಮುಟ್ಟಿತು. ಸಿಡಿಲಿನ ವಾಸನೆ ಎಂದು ಬರೆದ ಕಡೆಯೇ ಕಾಗದ ಕೆಳಗಿಟ್ಟು ಫೋನು ತೆಗೆದೆ. ನಾಲ್ಕು ಸಲ ಫೋನು ಮಾಡಿದೆ. ಮಹಾಂತಪ್ಪ ಅಣ್ಣಾರು ಎತ್ತಿ ‘ಚಲೋ ಅದಾಳ್ರಿ, ಸ್ವಲ್ಪ ಸುಸ್ತ ಐತಿ’ ಎಂದರು. ಹಿಂದಿನಿಂದ ನಿನ್ನ ಉಸಿರು ನನಗೆ ಕೇಳುತ್ತಿತ್ತು. ಮೆಷಿನ್ ಬಂದ್ ಮಾಡಿಸಿ, ಕಿಟಕಿ ತೆಗೆಸಿರಿ ಎಂದೆ. ‘ಆಕಿ ಕೇಳಬೇಕಲ್ರಿ’ ಎಂದರು.

ದಸರಾ ರಜೆ ಇದೆ. ರವಿವಾರ ಬನ್ನಿ ಕೊಡುವ ನೆಪದಲ್ಲಿ ಬರುತ್ತೇನೆ. ಈ ಕಾಗದಕ್ಕಿಂತ ಮೊದಲು ನಾನೇ ಮುಟ್ಟಿದರೂ ಮುಟ್ಟಬಹುದು.

ನಾಹಿದಾ

*

ಇಳಕಲ್ಲ
೧೭ ಅಕ್ಟೋಬರ್ ೨೦೨೪

ನಾಹಿದಾಗೆ,

ನೀನು ಬಂದು ಹೋಗಿ ನಾಲ್ಕು ದಿನವಾಯಿತು. ಬನ್ನಿ ಕೊಟ್ಟು ‘ಬಂಗಾರದಂಗ ಇರೋಣು’ ಎಂದೆ. ಆಮೇಲೆ ಮಾಡಿದ್ದೇನು?

ಏಳು ಮಂದಿ ಕೂತಿದ್ದರು. ನೀನು ಅಫ್ಸರನ ಮೀಟರು ತೆಗೆದು ನನ್ನ ಮೆಷಿನ್ನಿಗೆ ಹಿಡಿದೆ. ಮೂರು ಲಕ್ಷ ತೋರಿಸಿತು. ಬಾದಾಮಿಗಿಂತ ಹತ್ತು ಪಟ್ಟು! ಸೋಮವ್ವ ‘ಯವ್ವಾ, ಖರೇನ ಐತಿ’ ಎಂದು ಗಲ್ಲ ಬಡಿದುಕೊಂಡಳು. ನನ್ನ ಎದೆ ಉಬ್ಬಿತು. ಆಗಲೇ ನೀನು ಚೀಲದಿಂದ ಉಸಿರು ಅಳೆಯುವ ಕೊಳವೆಯೊಂದನ್ನು ತೆಗೆದು, ‘ಗಾಳ್ಯಾಗ ಎಷ್ಟು ಐತಿ ನೋಡಿದ್ವಿ, ಈಗ ಎದ್ಯಾಗ ಎಷ್ಟು ಐತಿ ನೋಡೂಣು, ಊದು’ ಎಂದೆ. ಊದಿದೆ. ಮುಳ್ಳು ನೂರಾ ನಲವತ್ತಕ್ಕೆ ನಿಂತಿತು. ನೀನು ಊದಿದೆ, ಮುನ್ನೂರಾ ಅರವತ್ತು. ಒಂದೇ ಬೆಂಚಿನವರು ನಾವು, ನನಗಿಂತ ಒಂದು ವರ್ಷ ದೊಡ್ಡವಳು ನೀನು.

ಅಷ್ಟಕ್ಕೇ ಬಿಟ್ಟಿದ್ದರೆ ಸಹಿಸುತ್ತಿದ್ದೆ. ನಿನಗೆ ಗುಟ್ಟಾಗಿ ಹೇಳಿದ್ದನ್ನು ಎತ್ತಿ, ಎಲ್ಲರ ಎದುರಿಗೆ ‘ಸುನಂದಾ, ನಿನ್ನ ಪಂಪು ಎಲ್ಲೈತಿ?’ ಎಂದು ಕೇಳಿದೆಯಲ್ಲ!

ನಿನಗೆ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಈ ಓಣಿಯಲ್ಲಿ ಬಾಯಿಗೆ ಉಸಿರಿನ ಮದ್ದಿನ ಪಂಪು ಇಟ್ಟುಕೊಳ್ಳುವವಳು ಎಂದರೆ ಮನೆತನಕ್ಕೇ ರೋಗ ಇದೆ ಎಂದು ಅರ್ಥ. ಹೆಣ್ಣು ನೋಡಲು ಬಂದವರು ಹೊಸ್ತಿಲಿನಿಂದ ತಿರುಗಿ ಹೋಗುತ್ತಾರೆ. ನನ್ನ ಮಗಳಿಗೆ ಈಗ ಮಾತುಕತೆ ನಡೆದಿದೆ. ಆರು ವರ್ಷ ಅದನ್ನು ಕುಪ್ಪಸದಲ್ಲಿಟ್ಟು, ಬಚ್ಚಲಿಗೆ ಹೋಗಿ, ನೀರು ಬಿಟ್ಟು ಸದ್ದು ಮುಚ್ಚಿ ಎಳೆದುಕೊಂಡವಳು ನಾನು. ಮೆಷಿನ್ ಬಂದ ಮೇಲೆ ಅದನ್ನು ಪೆಟ್ಟಿಗೆಯ ತಳಕ್ಕೆ ಹಾಕಿದೆ. ಮದ್ದು ಯಾರಾದರೂ ಕಂಡಾರೆಂದು ಹೆದರಿ ಬಚ್ಚಲು ಸೇರುವವಳಿಗೆ, ಏಳು ಮಂದಿಯ ನಡುವೆ ಕೂತು ಉಸಿರಾಡುವ ಭಾಗ್ಯ ಸಿಕ್ಕಿತ್ತು. ಅದನ್ನು ನೀನು ಕಿತ್ತುಕೊಂಡೆ.

ಈಗ ಯಾರೂ ನನ್ನ ಮನೆಗೆ ಬರುವುದಿಲ್ಲ. ಸೋಮವ್ವ ಕಂಡಕಿಯನ್ನು ಕಟ್ಟೆಯ ಮೇಲೆ ಇಟ್ಟು ಹೋಗುತ್ತಾಳೆ. ಮೆಷಿನ್ ನಡೆದೇ ಇದೆ. ಅದನ್ನು ಹೊಗಳಿದವಳು ನೀನು. ನನಗೆ ಬರೆಯಬೇಡ.

ಸುನಂದಾ

*

ನವನಗರ
೨೨ ಅಕ್ಟೋಬರ್ ೨೦೨೪

ಸುನಂದಾ,

ಬರೆಯಬೇಡ ಎಂದಿದ್ದೀ. ಇದೊಂದನ್ನು ಓದಿ ಹರಿದು ಹಾಕು.

ಬಾದಾಮಿಯಲ್ಲಿ ಆ ದಿನ ಅಫ್ಸರ ಒಂದು ಮಾತು ಹೇಳಿದ್ದ. ‘ಅಕ್ಕೋರ, ಮನಸ್ಸಿಗೆ ಒಂಚೂರು ಹಗುರ ಅನಸಬಹುದು. ಆದ್ರ ಉಸಿರಿನ ರೋಗ ಇದರಿಂದ ವಾಸಿ ಆಗತೈತಿ ಅಂತ ಯಾರೂ ತೋರಿಸಿಲ್ಲ. ಪರೀಕ್ಷಾ ಭಾಳ ಮಾಡ್ಯಾರ, ಸಿಕ್ಕಿಲ್ಲ.’ ಈ ಮಾತು ಆಗಸ್ಟ್ ಹನ್ನೆರಡರ ಕಾಗದದಲ್ಲಿ ಇರಬೇಕಿತ್ತು. ನಾನು ಬರೆಯಲಿಲ್ಲ. ಮರೆತದ್ದಲ್ಲ. ಬರೆದರೆ ಕಾಗದದ ಚಂದ ಕೆಡುತ್ತದೆ ಎಂದು ಬಿಟ್ಟೆ. ವಿಜ್ಞಾನ ಕಲಿಸುವವಳು ಬಿಟ್ಟ ಒಂದು ವಾಕ್ಯ ನಿನ್ನ ಪಂಪನ್ನು ಪೆಟ್ಟಿಗೆಯ ತಳಕ್ಕೆ ಕಳಿಸಿತು. ಆಗಸ್ಟ್ ಮೂವತ್ತಕ್ಕೆ ಅಫ್ಸರನನ್ನು ಕೇಳುತ್ತೇನೆ ಎಂದೆನಲ್ಲ, ಕೇಳಲೂ ಇಲ್ಲ. ಏನು ಹೇಳುತ್ತಾನೆ ಎಂದು ಗೊತ್ತಿತ್ತು.

ಯಾಕೆ ಎಂದು ನಿನಗೆ ಹೇಳಲೇಬೇಕು. ಅಮ್ಮಿಯನ್ನು, ನನ್ನ ತಾಯಿ ಮಕ್ತುಮಬಿಯನ್ನು, ನೀನು ಕಂಡಿದ್ದೀ. ಹಳೆ ಊರನ್ನು ಅಣೆಕಟ್ಟಿನ ನೀರಿಗೆ ಬಿಟ್ಟು ನವನಗರಕ್ಕೆ ಬಂದ ಮೂರನೇ ವರ್ಷ ಉಸಿರು ಸಿಗದೆ ಹೋದಳು. ಜ್ವರದಿಂದ ಹೋದಳು ಎಂದು ನಿನಗೆ ಹೇಳಿದ್ದೆ. ಜ್ವರವಲ್ಲ. ಕೊನೆಯ ತಿಂಗಳು ಕೂತೇ ನಿದ್ದೆ ಮಾಡುತ್ತಿದ್ದಳು, ನಿನ್ನ ಹಾಗೆ. ಆ ಜಲಪಾತದ ಬುಡದಲ್ಲಿ ನನ್ನ ಎದೆ ಹಗುರಾದಾಗ, ಅಮ್ಮಿಯನ್ನು ಇಲ್ಲಿಗೆ ಕರೆತಂದಿದ್ದರೆ ಎನ್ನಿಸಿತು. ಅದು ಖರೆ ಆಗಿರಲಿ ಎಂದು ನಾನು ಬಯಸಿದೆ, ಅಷ್ಟೇ. ಬಯಸಿದ್ದನ್ನೇ ಬರೆದೆ.

ನೀನು ಕಂಡ ಮೂರೂ ಸೋಜಿಗ ಖರೆ. ಎಳೆ ಅಂಟದಿರುವುದು ಅಯಾನಿನ ಕೆಲಸವೇ. ಗೋಡೆ ಕಪ್ಪಾಗುವುದು ಕೂಡ. ಗಾಳಿಯ ಧೂಳಿಗೆ ವಿದ್ಯುತ್ತು ಹತ್ತಿ ಅದು ಗೋಡೆಗೆ ಅಂಟುತ್ತದೆ. ನಿನ್ನ ಎದೆಯಿಂದ ಇಳಿದದ್ದಲ್ಲ ಅದು. ನೂಲಿನ ಹೊಟ್ಟು, ಊರಿನ ಕಲ್ಲುಗಣಿಯ ಧೂಳು. ಗೋಡೆಗೆ ಅಂಟದೆ ಉಳಿದದ್ದು, ನೀನು ಮಗ್ಗಕ್ಕೆ ಕೂತ ಈ ಇಪ್ಪತ್ತೆಂಟು ವರ್ಷ, ಎಲ್ಲಿಗೆ ಹೋಯಿತೆಂದು ನೀನೇ ಯೋಚಿಸು. ಇನ್ನು ಸಿಡಿಲಿನ ವಾಸನೆ, ಅದು ಓಝೋನು. ಮುಚ್ಚಿದ ಕೋಣೆಯಲ್ಲಿ ಅದು ನಿನ್ನಂಥ ಎದೆಯನ್ನು ಒಳಗಿಂದ ಕೆರೆಯುತ್ತದೆ.

ಎಲ್ಲರ ಎದುರು ಕೇಳಿದ್ದು ನನ್ನ ತಪ್ಪು. ಕಾಲು ಹಿಡಿಯುತ್ತೇನೆ. ಆದರೆ ಪಂಪು ತೆಗೆ ಸುನಂದಾ. ನನ್ನ ಮೇಲಿನ ಸಿಟ್ಟಿಗಾದರೂ ತೆಗೆ.

ನಾಹಿದಾ

*

ನವನಗರ
೧೧ ನವೆಂಬರ್ ೨೦೨೪

ಸುನಂದಾ,

ಕಾರ್ಡು ಬರೆಯುತ್ತಿದ್ದೇನೆ, ಯಾರು ಓದಿದರೂ ಅಡ್ಡಿಯಿಲ್ಲ. ದೀಪಾವಳಿ ಆಯಿತು. ನಾನು ಬರೆದು ಇಪ್ಪತ್ತು ದಿನವಾಯಿತು. ಫೋನು ಹೊಡೆದುಕೊಂಡು ನಿಲ್ಲುತ್ತದೆ. ಒಂದು ಸಲ ನಿನ್ನ ಮಗಳು ಎತ್ತಿ ‘ಅವ್ವ ದವಾಖಾನ್ಯಾಗ—’ ಎಂದಳು, ಯಾರೋ ಕಸಿದುಕೊಂಡರು. ಬೈದು ಬರೆದರೂ ಸರಿ. ಒಂದು ಗೆರೆ ಹಾಕಿ ಕಳಿಸಿದರೂ ಸರಿ.

ನಾಹಿದಾ

*

ಇಳಕಲ್ಲ
೨೪ ನವೆಂಬರ್ ೨೦೨೪

ಪ್ರೀತಿಯ ನಾಹಿದಾಗೆ ನಿನ್ನ ಸುನಂದಾಳ ಶರಣು ಶರಣಾರ್ಥಿ.

ಇದ್ದೇನೆ. ಅಳಬೇಡ, ಪೂರ್ತಿ ಓದು.

ನಿನ್ನ ಕಾಗದ ಬಂದ ದಿನ ಓದಲಿಲ್ಲ. ಮಗ್ಗದ ಅಡಿಗೆ ಎಸೆದೆ. ದೀಪಾವಳಿಗೆ ಮೂರು ದಿನ ಇರುವಾಗ ಬೆಳಿಗ್ಗೆ ಕಸ ಹೊಡೆಯುತ್ತಿದ್ದೆ. ಉಸಿರು ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಬಾಯಿ ತೆರೆದರೆ ಮಾತಿಲ್ಲ. ನಮ್ಮವರು ಸ್ಕೂಟರಿನ ಮೇಲೆ ನಡುವೆ ಕೂರಿಸಿಕೊಂಡು, ಮಗಳು ಹಿಂದೆ ಹಿಡಿದುಕೊಂಡು ದವಾಖಾನಿಗೆ ಒಯ್ದರು. ಮುಖಕ್ಕೆ ಹೊಗೆಯ ಮದ್ದು ಕಟ್ಟಿದರು. ಡಾಕ್ಟರು ‘ಪಂಪು ಯಾವಾಗ ಬಿಟ್ರಿ?’ ಎಂದರು. ಬೆರಳು ಎಣಿಸಿ ತೋರಿಸಿದೆ. ‘ಅರ್ಧ ತಾಸು ತಡ ಆಗಿದ್ರ ನಾ ಮಾತಾಡೂದು ನಿಮ್ಮ ಯಜಮಾನ್ರ ಜೋಡಿ ಇತ್ತು’ ಎಂದರು. ನಾಲ್ಕು ದಿನ ಅಲ್ಲೇ ಇದ್ದೆ. ಮಗಳು ನಿನ್ನ ಕಾಗದ ತಂದು ಓದಿ ಹೇಳಿದಳು. ಮಕ್ತುಮಬಿ ಅಮ್ಮಿಯ ಮಾತು ಬಂದಾಗ ನಿಲ್ಲಿಸು ಎಂದೆ. ಆಮೇಲೆ ಪೂರ್ತಿ ಓದಿಸಿದೆ. ನೀನು ಒಂದು ವಾಕ್ಯ ಮುಚ್ಚಿಟ್ಟೆ, ನಾನು ಆರು ವರ್ಷ ಪಂಪು ಮುಚ್ಚಿಟ್ಟೆ. ಯಾರು ಯಾರಿಗೆ ಬೈಯಬೇಕು?

ಮನೆಗೆ ಬಂದು ಕಿಟಕಿ ತೆಗೆಸಿದೆ. ಎಳೆ ಹರಿದರೆ ಹರಿಯಲಿ, ಕಟ್ಟಿಕೊಳ್ಳುತ್ತೇನೆ. ಸಂತೋಷಕುಮಾರ ಬಂದು ಮೆಷಿನ್ ಕಟ್ಟಿಕೊಂಡು ಹೋಗುವಾಗ ಅತ್ತ. ತನ್ನ ಅವ್ವನ ತಲೆದಿಂಬಿನ ಹತ್ತಿರವೂ ಅದನ್ನೇ ಇಟ್ಟಿದ್ದನಂತೆ ಪಾಪ. ಎರಡು ವಾರ ಪಂಪು ಎಳೆದ ಮೇಲೆ ನೀನು ಬಿಟ್ಟುಹೋದ ಕೊಳವೆ ಊದಿದೆ: ಇನ್ನೂರಾ ಎಪ್ಪತ್ತು! ಮೂರು ಸಲ ಊದಿದೆ, ನಂಬಿಕೆ ಬರದೆ. ನನ್ನ ಎದೆಯಲ್ಲಿ ಇಷ್ಟು ಗಾಳಿ ಇದೆ ಎಂದು ನನಗೇ ಗೊತ್ತಿರಲಿಲ್ಲ ನಾಹಿದಾ. ಸುಮ್ಮನೆ ಕೂತು ಒಳಗೆ ಎಳೆದುಕೊಂಡೆ, ಹೊರಗೆ ಬಿಟ್ಟೆ. ದಿನವೂ ಎಷ್ಟು ಸಾವಿರ ಸಲ ಇದನ್ನು ಪುಕ್ಕಟೆ ಮಾಡುತ್ತೇವೆ, ಒಂದು ಸಲವೂ ಕೈ ಮುಗಿದವಳಲ್ಲ ನಾನು.

ಆದರೆ ನಿದ್ದೆ ಬರಲಿಲ್ಲ. ಎದುರುಮನೆಯಿಂದ ಸೋಮವ್ವನ ಎದೆಯ ಸುಯ್ಯ್ ಎನ್ನುವ ಸದ್ದು ಓಣಿ ದಾಟಿ ಬರುತ್ತಿತ್ತು. ಅವಳೂ ನನ್ನ ಮಾತು ಕೇಳಿ ಮೆಷಿನ್ ತರಿಸಿಕೊಂಡಿದ್ದಳು. ಅವಳಿಗೇನಾದರೂ ಆದರೆ ಅದು ನನ್ನ ಬಾಯಿಂದ ಆದದ್ದು.

ನಿನ್ನೆ ಮಧ್ಯಾಹ್ನ ಅವಳ ಕಟ್ಟೆಗೆ ಹೋದೆ. ಹೆಂಗಸರು ಅಲ್ಲೇ ಕೂತು ನೂಲು ಬಿಡಿಸುತ್ತಿದ್ದರು, ನನ್ನ ಕಂಡು ಮಾತು ನಿಲ್ಲಿಸಿದರು. ‘ಸೋಮವ್ವಾ, ಮೆಷಿನ್ ಬಂದ್ ಮಾಡು. ನಾ ಹೇಳಿದ್ದು ತಪ್ಪು’ ಎಂದೆ. ಅವಳು ತಲೆ ಎತ್ತಲಿಲ್ಲ. ‘ಆವಾಗೂ ನೀನ ಹೇಳಿದಿ, ಈವಾಗೂ ನೀನ ಹೇಳಾಕ್ಹತ್ತಿ. ಯಾವ ಸುನಂದಾನ ಮಾತು ಕೇಳಲಿ?’ ಎಂದಳು. ಮಗಳ ಮದುವೆ ಮಾತು ನೆನಪಾಯಿತು. ಆದರೂ ಕುಪ್ಪಸದಿಂದ ಪಂಪು ತೆಗೆದೆ. ಹಗಲು ಹೊತ್ತಿನಲ್ಲಿ, ನಡು ಓಣಿಯಲ್ಲಿ, ಎಲ್ಲರ ಎದುರಿಗೆ ಅಲುಗಾಡಿಸಿ, ಬಾಯಿಗೆ ಇಟ್ಟು ಒತ್ತಿದೆ. ಆ ಸದ್ದು ಇಡೀ ಓಣಿಗೆ ಕೇಳಿತು ಎನ್ನಿಸಿತು.

ಸೋಮವ್ವ ನೋಡುತ್ತಲೇ ಇದ್ದಳು. ಎದ್ದು ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳುತ್ತಾಳೆ ಎಂದುಕೊಂಡೆ. ಜೋಳದ ಹಿಟ್ಟಿನ ಡಬ್ಬಿ ಹಿಡಿದು ಬಂದಳು, ಹಿಟ್ಟಿನೊಳಗೆ ಕೈ ಹಾಕಿ ಒಂದು ಪಂಪು ತೆಗೆದು ಸೆರಗಿನಿಂದ ಒರೆಸಿದಳು. ‘ಹನ್ನೊಂದ ವರ್ಷ ಆತವಾ’ ಎಂದಳು. ಆಮೇಲೆ ಮೂಲೆಮನೆಯವಳು ಎದ್ದು ಹೋಗಿ ತನ್ನದೊಂದು ತಂದಳು. ಅವಳದ್ದು ದೇವರ ಗೂಡಿನ ಹಿಂದೆ ಇತ್ತಂತೆ. ಇನ್ನೊಬ್ಬಳದ್ದು ದಿಂಬಿನೊಳಗೆ. ಮತ್ತೊಬ್ಬಳು ಎದ್ದೇ ಇಲ್ಲ, ಅವಳದ್ದು ಸೊಂಟದ ಚೀಲದಲ್ಲೇ ಇತ್ತು. ನನ್ನದೂ ಸೇರಿ ಐದು ಪಂಪು, ನಾಹಿದಾ! ಗೋಡೆಗೆ ಗೋಡೆ ಹಚ್ಚಿದ ಮನೆಗಳು, ಹುಟ್ಟು ಸಾವು ಎಲ್ಲ ಒಟ್ಟಿಗೆ ಕಂಡವರು. ಇಷ್ಟು ವರ್ಷ ಎಲ್ಲರೂ ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಒಬ್ಬೊಬ್ಬರೇ ಉಸಿರಾಡಿದೆವು.

ಯಾರು ನಕ್ಕರೋ ಗೊತ್ತಿಲ್ಲ, ನಗು ಶುರುವಾಯಿತು. ನಕ್ಕು ನಕ್ಕು ಕೆಮ್ಮು ಬಂತು. ನಾನು ಅವರಿಗೆ ಡಾಕ್ಟರು ಹೇಳಿಕೊಟ್ಟದ್ದನ್ನು ಹೇಳಿದೆ: ಪೂರ್ತಿ ಉಸಿರು ಬಿಡಬೇಕು, ಒತ್ತಿ ಎಳೆದುಕೊಳ್ಳಬೇಕು, ಹತ್ತು ಎಣಿಸುವ ತನಕ ಹಿಡಿದಿರಬೇಕು. ನಾನು ಆಗಲೇ ಎಳೆದಿದ್ದೆ, ಅವರು ನಾಲ್ವರೂ ಒಟ್ಟಿಗೆ ಒತ್ತಿದರು. ಅವರ ಜೊತೆ ನಾನೂ ಸುಮ್ಮನೆ ಉಸಿರು ಹಿಡಿದೆ. ಪಂಪು ಇಲ್ಲದ ಮೂವರೂ ಹಿಡಿದರು, ಯಾಕೋ ಗೊತ್ತಿಲ್ಲ. ಎಲ್ಲರ ಬಾಯಿ ಮುಚ್ಚಿದೆ, ಎಣಿಸುವವರು ಯಾರು? ಸೋಮವ್ವ ಎರಡೂ ಕೈ ಮೇಲೆತ್ತಿ, ಹಿಟ್ಟು ಮೆತ್ತಿದ ಬೆರಳುಗಳನ್ನು ಒಂದೊಂದಾಗಿ ಮಡಚುತ್ತ ಹೋದಳು, ನಾವು ಎಂಟೂ ಮಂದಿ ಆ ಬೆರಳುಗಳನ್ನೇ ನೋಡುತ್ತ ಕೂತೆವು.

ನಿನ್ನ
ಸುನಂದಾ